ಮಾತು ನಿಂತರೆ ಕೆಂಪು

ಆಷಾಢದ ಮಳೆ ಕ್ಯಾಸಲ್‌ರಾಕ್‌ನಲ್ಲಿ ಮೇಲಿನಿಂದಷ್ಟೇ ಬರುವುದಿಲ್ಲ, ಪಕ್ಕದಿಂದಲೂ ಬರುತ್ತದೆ. ಗೋವಾ ಕಡೆಯ ಕಣಿವೆಯಲ್ಲಿ ಎದ್ದ ಗಾಳಿ ಮೋಡವನ್ನು ದಬ್ಬಿಕೊಂಡು ಬಂದು ರೈಲು ನಿಲ್ದಾಣದ ಮಾಡಿನ ಕೆಳಗೆ ನುಗ್ಗಿಸುತ್ತದೆ. ಕಂಬ, ಬೆಂಚು, ಹಳದಿ ಹಲಗೆಯ ಮೇಲಿನ ಊರ ಹೆಸರು, ಎಲ್ಲದರ ಮೇಲೂ ನೀರಿನ ಪಸೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುವ ಮಳೆ ವರದಿ ಓದುವವರಿಗೆ ಈ ಹೆಸರು ಹೊಸತಲ್ಲ. ಜೊಯಿಡಾ ತಾಲ್ಲೂಕಿಗೆ ಎಂದೂ ಕಾಲಿಡದವರೂ ‘ಕ್ಯಾಸಲ್‌ರಾಕ್‌ನಲ್ಲಿ ಇಷ್ಟು ಸೆಂಟಿಮೀಟರ್’ ಎಂಬುದನ್ನು ಜುಲೈ ತಿಂಗಳಲ್ಲಿ ಮತ್ತೆ ಮತ್ತೆ ಓದಿರುತ್ತಾರೆ.

ಇಂಥ ಹೊತ್ತಿನಲ್ಲಿ ಗಾಡಿ ಕಣ್ಣಿಗೆ ಬೀಳುವ ಎಷ್ಟೋ ಮೊದಲು ಕಿವಿಗೆ ಬೀಳುತ್ತದೆ. ಕಾಡಿನೊಳಗೆಲ್ಲೋ ಭಾರ ಎಳೆಯುವ ಎಂಜಿನ್ನಿನ ಗುಡುಗು. ಸುರಂಗ ಹೊಕ್ಕಾಗ ಅಡಗಿ, ಹೊರಬಂದಾಗ ಮತ್ತೆ ದೊಡ್ಡದಾಗಿ, ಮೆಲ್ಲಗೆ ಮೇಲೇರಿ ಬರುತ್ತದೆ. ಮುಂದೆ ಎಳೆಯುವ ಎಂಜಿನ್ನುಗಳು. ನಡುವೆ ಮುರ್ಮಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕುಲುಮೆಗಳ ಕಡೆಗೆ ಹೊರಟ ಕಲ್ಲಿದ್ದಲಿನ ವ್ಯಾಗನ್ನುಗಳ ಸಾಲು. ಬಾಲದಲ್ಲಿ, ಕೆಳಗಿನ ಕುಳೆ ನಿಲ್ದಾಣದಲ್ಲಿ ಜೋಡಿಸಿಕೊಂಡು ಬಂದ ಬ್ಯಾಂಕರ್‌ಗಳು, ಅಂದರೆ ಹಿಂದಿನಿಂದ ದಬ್ಬುವ ಎಂಜಿನ್ನುಗಳು. ಹಳಿ ನೆನೆದಿದೆ, ಗಾಲಿ ಜಾರುತ್ತದೆ, ಚಾಲಕ ಮರಳು ಉದುರಿಸಿಕೊಂಡು ಬರುತ್ತಾನೆ. ಎದುರಿಗೆ ಮಂಜು. ಆ ಮಂಜಿನಲ್ಲಿ ಅವನು ಹುಡುಕುವುದು ಒಂದೇ ಒಂದನ್ನು: ಹೋಮ್ ಸಿಗ್ನಲ್ಲಿನ ದೀಪ ಯಾವ ಬಣ್ಣದ್ದು?

ಹಳದಿ. ಗಾಡಿ ನಿಲ್ಲದೆ ನಿಲ್ದಾಣದೊಳಗೆ ಬರುತ್ತದೆ.

ಆ ಹಳದಿ ಬೆಳಗಬೇಕಾದರೆ ಎಲ್ಲೋ ಒಂದು ಕೋಣೆಯಲ್ಲಿ ಬೆರಳುದ್ದದ ಕಬ್ಬಿಣದ ಪಟ್ಟಿಯೊಂದು ‘ಟಕ್’ ಎಂದು ಎದ್ದು ನಿಂತಿರಬೇಕು. ಅದರ ಹೆಸರು ರಿಲೇ. ಅದನ್ನು ಎಬ್ಬಿಸಲು ಇಂದು ಎಷ್ಟೋ ನಿಲ್ದಾಣಗಳಲ್ಲಿ ಕಂಪ್ಯೂಟರ್ ಇದೆ. ಕಂಪ್ಯೂಟರಿನ ಮಾತನ್ನು ಒಂದರ ಹಿಂದೊಂದು ಅಂಕಿಯಾಗಿ ಹೊತ್ತೊಯ್ಯುವ ಸಪೂರ ತಂತಿ ಇದೆ. ಎಬ್ಬಿಸುವುದು ಸುಲಭದ ಕೆಲಸ. ಎಬ್ಬಿಸುವ ಮಾತು ನಡುವೆಯೇ ನಿಂತುಹೋದರೆ ಆ ಪಟ್ಟಿ ಏನು ಮಾಡಬೇಕು ಎಂಬುದರಲ್ಲೇ ಈ ವಿದ್ಯೆಯ ತಿರುಳಿದೆ. ಅದನ್ನು ಅರಿಯಲು ಬ್ರಗಾಂಜಾ ಘಟ್ಟದ ನೆತ್ತಿಯಲ್ಲಿರುವ ಈ ನಿಲ್ದಾಣಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇನ್ನೊಂದು ಸಿಗಲಾರದು.

ಘಟ್ಟದ ಅಂಚು

ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಒಪ್ಪಂದವೊಂದಕ್ಕೆ ಸಹಿ ಹಾಕಿದರು. ಅದರ ಬೆನ್ನಿಗೆ ಮುರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ಹಳಿಗೆ ಕೆಲಸ ಶುರುವಾಯಿತು. ಆ ಕಡೆಯಿಂದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ, ಈ ಕಡೆಯಿಂದ ಸದರ್ನ್ ಮರಾಠಾ ರೈಲ್ವೆ. ಎರಡೂ 1888ರ ಹೊತ್ತಿಗೆ ಕೈ ಕೂಡಿಸಿದ್ದು ಕ್ಯಾಸಲ್‌ರಾಕ್‌ನಲ್ಲಿ. ಅಲ್ಲಿಂದ 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾಗುವವರೆಗೂ ಇದು ಗಡಿ ನಿಲ್ದಾಣ. ಸುಂಕದವರು ಪೆಟ್ಟಿಗೆ ಬಿಚ್ಚಿಸಿ ನೋಡುತ್ತಿದ್ದ ಊರು. 1955ರಲ್ಲಿ ಗೋವಾ ಸತ್ಯಾಗ್ರಹದ ಕಾವಿನಲ್ಲಿ ಗಾಡಿ ಸಂಚಾರವೇ ಕಡಿದುಹೋಯಿತು. ಗಡಿ ಅಳಿಸಿದ ಮೇಲೆ ಗಾಡಿ ಮರಳಿತು. 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಸಿದರು.

ಬದಲಾಗದೆ ಉಳಿದದ್ದು ಇಳಿಜಾರು. ಕ್ಯಾಸಲ್‌ರಾಕ್‌ನಿಂದ ಕುಳೆಗೆ ಸುಮಾರು 26 ಕಿಲೋಮೀಟರ್. ನಡುವೆ ಕಾರಂಜೋಳ, ದೂಧಸಾಗರ, ಸೊನಾವಳಿ. ಸಾಲು ಸುರಂಗ, ಜಲಪಾತದ ಎದೆಗೆ ಒರಗಿದಂತೆ ಕಮಾನು ಸೇತುವೆ. ಇಳಿಜಾರು 37ಕ್ಕೆ 1, ಎಂದರೆ 37 ಮೀಟರ್ ಮುಂದೆ ಸರಿದರೆ ಒಂದು ಮೀಟರ್ ಕೆಳಗೆ. ನಡೆಯುವವನಿಗೆ ಇದು ಲೆಕ್ಕಕ್ಕಿಲ್ಲ. ಸಾವಿರಾರು ಟನ್ ತೂಕದ ಗಾಡಿಗೆ ಇದು ಜೀವನ್ಮರಣದ ಪ್ರಶ್ನೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ, ಹಿಡಿತ ಮೊದಲೇ ಕಡಿಮೆ. ಹಿಡಿತ ತಪ್ಪಿದರೆ ಭೂಮಿ ತನ್ನ ಕಡೆಗೆ ಎಳೆದುಕೊಳ್ಳುತ್ತಲೇ ಇರುತ್ತದೆ.

ಅದಕ್ಕೇ ಇಳಿಯುವ ಗಾಡಿ ಇಲ್ಲಿ ನಿಂತು ಬ್ರೇಕು ಪರೀಕ್ಷೆ ಮಾಡಿಸಿಕೊಂಡೇ ಮುಂದೆ ಸಾಗಬೇಕು. ಇಳಿಯುವ ವೇಗಕ್ಕೆ ಬಿಗಿ ಮಿತಿ. ಇಂಥ ಘಟ್ಟಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ ವ್ಯವಸ್ಥೆಯೂ ಇರುತ್ತದೆ. ಮುಖ್ಯ ಹಳಿಯಿಂದ ಕವಲೊಡೆದು ಏರಿನತ್ತ ಹೋಗುವ ಕುರುಡು ಹಳಿ ಅದು. ಬ್ರೇಕು ಸೋತು ಓಡಿಬಂದ ಗಾಡಿಯನ್ನು ಆ ಏರು ಹಿಡಿದು ನಿಲ್ಲಿಸಬೇಕು. ಕವಲಿನ ಪಾಯಿಂಟ್ ಸಹಜ ಸ್ಥಿತಿಯಲ್ಲಿ ಇರುವುದೇ ಸೈಡಿಂಗಿನ ಕಡೆಗೆ. ಗಾಡಿ ಹತೋಟಿಯಲ್ಲಿದೆ ಎಂದು ಖಾತ್ರಿಯಾದ ಮೇಲಷ್ಟೇ ಅದು ಮುಖ್ಯ ಹಳಿಗೆ ತಿರುಗುತ್ತದೆ. ಏನೂ ತಿಳಿಯದಿದ್ದಾಗ ಗಾಡಿ ಸುರಕ್ಷಿತ ದಾರಿಗೇ ಹೋಗಲಿ ಎಂಬ ಈ ಕಟ್ಟಳೆ ಹಳಿಯ ಮಟ್ಟದಲ್ಲಿ ಹೇಗೋ, ರಿಲೇಯ ಮಟ್ಟದಲ್ಲೂ ಹಾಗೆಯೇ.

ಎರಡು ಕೀಲಿಯ ಕೋಣೆ

ಭಾರತೀಯ ರೈಲ್ವೆಯ ಹೆಚ್ಚಿನ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ಟರರ ಕೋಣೆಯ ಆಸುಪಾಸಿನಲ್ಲಿ ಸದಾ ಮುಚ್ಚಿರುವ ಬಾಗಿಲೊಂದು ಕಾಣುತ್ತದೆ. ಅದು ರಿಲೇ ರೂಮ್. ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಸ್ಟೇಷನ್ ಮಾಸ್ಟರರ ಬಳಿ, ಇನ್ನೊಂದರದು ಸಿಗ್ನಲ್ ಮೇಂಟೇನರ್ ಬಳಿ. ಒಬ್ಬರೇ ಹೋಗಿ ತೆರೆಯುವಂತಿಲ್ಲ. ತೆರೆದರೆ ಯಾರು, ಯಾವಾಗ, ಯಾಕೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಬರೆಯದಿದ್ದರೂ ಬಾಗಿಲು ತೆರೆದ ಗಳಿಗೆ ಯಂತ್ರದಲ್ಲಿ ದಾಖಲಾಗಿಬಿಡುತ್ತದೆ.

ಒಳಗೆ ಕಬ್ಬಿಣದ ಚೌಕಟ್ಟುಗಳು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಪಾರದರ್ಶಕ ಮುಚ್ಚಳದ ಪೆಟ್ಟಿಗೆಗಳು, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಕ್ಯೂ ಸೀರೀಸ್ ರಿಲೇಗಳು ಎಂದು ಇವುಗಳ ಹೆಸರು. ಹಿಂದೆ ನೂರಾರು ವೈರುಗಳ ಕಟ್ಟು. ಪ್ರತಿ ಪೆಟ್ಟಿಗೆಗೂ ಹೆಸರಿನ ಚೀಟಿ: ಟಿಪಿಆರ್ ಎಂದರೆ ಹಳಿಯ ತುಂಡೊಂದು ಖಾಲಿಯಿದೆಯೇ ಎಂದು ಹೇಳುವುದು, ಎನ್‌ಡಬ್ಲ್ಯುಕೆಆರ್ ಎಂದರೆ ಪಾಯಿಂಟ್ ನಾರ್ಮಲ್ ಕಡೆಗೆ ಕೂತು ಬೀಗ ಬಿದ್ದಿದೆ ಎಂದು ಸಾಕ್ಷಿ ನುಡಿಯುವುದು, ಎಚ್‌ಆರ್ ಹಳದಿಯನ್ನು ಬೆಳಗಿಸುವುದು, ಡಿಆರ್ ಹಸಿರನ್ನು. ಒಂದು ಜಾತಿಯ ರಿಲೇ ಇರಬೇಕಾದಲ್ಲಿ ಇನ್ನೊಂದನ್ನು ಸಿಕ್ಕಿಸಲಾಗದಂತೆ ತಳದಲ್ಲಿ ಕೋಡ್ ಪಿನ್ನುಗಳಿರುತ್ತವೆ. ಅವಸರದ ಕೈ ತಪ್ಪು ಮಾಡಲು ಹೋದರೂ ಪೆಟ್ಟಿಗೆ ಒಳಹೋಗದು.

ಸ್ಟೇಷನ್ ಮಾಸ್ಟರರು ಪ್ಯಾನೆಲ್ಲಿನ ಮೇಲೆ ಸಿಗ್ನಲ್ಲಿನ ಗುಂಡಿಯನ್ನೂ ದಾರಿಯ ಗುಂಡಿಯನ್ನೂ ಒಟ್ಟಿಗೆ ಒತ್ತುತ್ತಾರೆ. ಕಂಪ್ಯೂಟರ್ ಬಂದ ಕಡೆ ಮೌಸಿನಿಂದ ಕ್ಲಿಕ್ ಮಾಡುತ್ತಾರೆ. ಆಗ ಈ ಕೋಣೆಯಲ್ಲಿ ‘ಟಕ್, ಟಕ್‌ಟಕ್’ ಎಂದು ಸದ್ದು ಹರಿದಾಡುತ್ತದೆ. ಎದುರಿನಿಂದ ಬೇರೆ ಗಾಡಿಗೆ ದಾರಿ ಕೊಟ್ಟಿಲ್ಲವಷ್ಟೆ? ಈ ಹಳಿ ಖಾಲಿಯೇ? ಹೊರಗೆ 110 ವೋಲ್ಟಿನ ಪಾಯಿಂಟ್ ಮೋಟರ್ ಗಿರ್ರೆಂದು ತಿರುಗಿ ಕೆಲವೇ ಸೆಕೆಂಡಿನಲ್ಲಿ ಹಳಿಯ ನಾಲಗೆಯನ್ನು ಸರಿಸುತ್ತದೆ. ನಾಲಗೆ ಪೂರ್ತಿ ಅಂಟಿ ಕೂತಿತೇ? ಬೀಗ ಬಿತ್ತೇ? ಒಂದೊಂದು ಪ್ರಶ್ನೆಗೂ ಒಂದೊಂದು ರಿಲೇ ಎದ್ದು ಹೌದೆನ್ನಬೇಕು. ಎಲ್ಲರೂ ಹೌದೆಂದ ಮೇಲೆ ಎಚ್‌ಆರ್ ಏಳುತ್ತದೆ, ಹಳದಿ ಬೆಳಗುತ್ತದೆ. ಬೆಳಗಿದ ದೀಪದಲ್ಲಿ ನಿಜಕ್ಕೂ ಕರೆಂಟು ಹರಿಯುತ್ತಿದೆಯೇ ಎಂದು ನೋಡಲು ಮತ್ತೊಂದು ರಿಲೇ.

ಒಂದಾದರೂ ಏಳದಿದ್ದರೆ ಫೋನಿನಲ್ಲಿ ಮಾತು ಶುರು. ಹುಬ್ಬಳ್ಳಿ ವಿಭಾಗದಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

“ನಾರ್ಮಲ್ ಇಂಡಿಕೇಶನ್ ಬಂತೇನ್ರೀ?”

“ಇಲ್ರೀ ಸರ, ಫ್ಲ್ಯಾಶ್ ಹೊಡಿಯಾಕತ್ತೈತಿ. ಡಬ್ಲ್ಯುಕೆಆರ್ ಏಳವಲ್ದು.”

“ಪಾಯಿಂಟಿನ್ಯಾಗ ಕಲ್ಲೇನರ ಸಿಕ್ಕೈತೇನ್ ನೋಡ್ರಿ.”

ರೇನ್‌ಕೋಟು ಹಾಕಿಕೊಂಡು, ಟಾರ್ಚು ಹಿಡಿದು, ಪಾಯಿಂಟ್ಸ್‌ಮನ್ ಹಳಿಯಗುಂಟ ನಡೆಯುತ್ತಾನೆ. ಜಲ್ಲಿಯ ಒಂದು ಚೂರು ನಾಲಗೆಯ ಸಂದಿನಲ್ಲಿ ಸಿಕ್ಕಿಕೊಂಡರೂ ಸಾಕು, ಸಾಕ್ಷಿ ಹೇಳಬೇಕಾದ ರಿಲೇ ಏಳುವುದಿಲ್ಲ. ಹಳದಿ ಬೆಳಗುವುದಿಲ್ಲ. ಗಾಡಿ ಹೊರಗೇ ನಿಲ್ಲುತ್ತದೆ.

ಬೀಳುವುದಕ್ಕೆಂದೇ ಮಾಡಿದ ಕಬ್ಬಿಣ

ರಿಲೇಯ ಕಟ್ಟು ಸರಳ. ಕಬ್ಬಿಣದ ತಿರುಳಿನ ಸುತ್ತ ತಾಮ್ರದ ತಂತಿಯ ಸುರುಳಿ. ಕರೆಂಟು ಹರಿದಾಗ ಅದು ಅಯಸ್ಕಾಂತ, ನಿಂತಾಗ ಬರೀ ಕಬ್ಬಿಣ. ಅಯಸ್ಕಾಂತವಾದಾಗ ಎದುರಿನ ಪಟ್ಟಿಯನ್ನು ಎಳೆದುಕೊಳ್ಳುತ್ತದೆ, ಪಟ್ಟಿ ತನ್ನೊಂದಿಗೆ ಸಂಪರ್ಕದ ಬೆರಳುಗಳನ್ನು ಕೂಡಿಸುತ್ತದೆ. ರೈಲ್ವೆಯವರು ಇದನ್ನು ‘ಪಿಕಪ್’ ಎನ್ನುತ್ತಾರೆ. ಕರೆಂಟು ಹೋದರೆ ‘ಡ್ರಾಪ್’. ಸಣ್ಣ ಕರೆಂಟಿನಿಂದ ದೊಡ್ಡದನ್ನು ಆಳುವ ಈ ಉಪಾಯವನ್ನು 19ನೇ ಶತಮಾನದ ಟೆಲಿಗ್ರಾಫ್ ಕಾಲದಿಂದ ಜಗತ್ತು ಬಳಸುತ್ತ ಬಂದಿದೆ. ದೂರದಿಂದ ಸೊರಗಿ ಬಂದ ಸಂಕೇತ ಒಂದು ರಿಲೇಯನ್ನು ಎಬ್ಬಿಸಿದರೆ, ಅದು ಹೊಸ ಬ್ಯಾಟರಿಯ ಬಲದಿಂದ ಅದೇ ಸಂಕೇತವನ್ನು ಮುಂದಕ್ಕೆ ದಾಟಿಸುತ್ತಿತ್ತು.

ಅಂಗಡಿಯಲ್ಲಿ ಸಿಗುವ ರಿಲೇಗೂ ರೈಲ್ವೆಯ ರಿಲೇಗೂ ವ್ಯತ್ಯಾಸ ಇರುವುದು ಏಳುವುದರಲ್ಲಲ್ಲ, ಬೀಳುವುದರಲ್ಲಿ. ಅಂಗಡಿಯ ರಿಲೇಯಲ್ಲಿ ಪಟ್ಟಿಯನ್ನು ಹಿಂದಕ್ಕೆ ತರುವುದು ಒಂದು ಸ್ಪ್ರಿಂಗು. ಸ್ಪ್ರಿಂಗು ಸೋಲಬಹುದು, ಮುರಿಯಬಹುದು. ರೈಲ್ವೆಯ ಸುರಕ್ಷತಾ ರಿಲೇಯಲ್ಲಿ ಪಟ್ಟಿ ಬೀಳುವುದು ತನ್ನ ತೂಕದ ಬಲವನ್ನು ನೆಚ್ಚಿ. ಅದಕ್ಕೇ ಈ ಪೆಟ್ಟಿಗೆಗಳನ್ನು ಮನಬಂದಂತೆ ಅಡ್ಡ ಮಲಗಿಸಿ ಕೂರಿಸುವಂತಿಲ್ಲ. ಇನ್ನೊಂದು ಭಯ ಬೆಸುಗೆಯದು. ಎರಡು ಲೋಹದ ತುದಿಗಳ ನಡುವೆ ಜೋರು ಕರೆಂಟು ಹರಿದರೆ, ಸಿಡಿಲಿನ ಪೆಟ್ಟು ಬಿದ್ದರೆ, ಅವು ಕರಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ಆಗ ಪಟ್ಟಿ ಬೀಳಬೇಕೆಂದರೂ ಬೀಳದು. ಹಾಗಾಗಬಾರದೆಂದು ಈ ರಿಲೇಗಳ ಮುಖ್ಯ ಸಂಪರ್ಕದಲ್ಲಿ ಒಂದು ತುದಿ ಬೆಳ್ಳಿ, ಎದುರಿನ ತುದಿ ಬೆಳ್ಳಿ ಬೆರೆಸಿದ ಇಂಗಾಲ. ಲೋಹಕ್ಕೂ ಇಂಗಾಲಕ್ಕೂ ಬೆಸುಗೆ ಹತ್ತುವುದಿಲ್ಲ.

ಸಹ್ಯಾದ್ರಿಯ ಇಳಿಜಾರಿನಲ್ಲಿ ಗಾಡಿಯನ್ನು ಪಾತಾಳಕ್ಕೆ ಎಳೆಯುವುದು ಯಾವ ಸೆಳೆತವೋ, ರಿಲೇ ರೂಮಿನಲ್ಲಿ ಕಬ್ಬಿಣದ ಪಟ್ಟಿಯನ್ನು ಕೆಳಗಿಳಿಸಿ ಕೆಂಪು ಬೆಳಗಿಸುವುದೂ ಅದೇ. ಬ್ಯಾಟರಿ ಸತ್ತರೂ, ಮರ ಬಿದ್ದು ಕೇಬಲ್ ಹರಿದರೂ, ಕಳ್ಳರು ತಾಮ್ರ ಕದ್ದರೂ ಭೂಮಿಯ ಸೆಳೆತ ರಜೆ ಹಾಕುವುದಿಲ್ಲ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಟ್ರ್ಯಾಕ್ ಸರ್ಕ್ಯೂಟಿಗೆ ಪೇಟೆಂಟ್ ಪಡೆದಾಗ ನಂಬಿದ್ದೂ ಇದನ್ನೇ. ಹಳಿಯ ತುಂಡೊಂದರ ಈ ತುದಿಯಲ್ಲಿ ಬ್ಯಾಟರಿ, ಆ ತುದಿಯಲ್ಲಿ ರಿಲೇ. ಹಳಿ ಖಾಲಿಯಿದ್ದರೆ ಕರೆಂಟು ಎರಡೂ ಹಳಿಗಳ ಮೂಲಕ ಹರಿದು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ಗಾಡಿ ಬಂತೆಂದರೆ ಗಾಲಿಯ ಅಚ್ಚು ಎರಡು ಹಳಿಗಳನ್ನೂ ಕೂಡಿಸಿ ಕರೆಂಟಿಗೆ ಒಳದಾರಿ ತೋರಿಸುತ್ತದೆ. ರಿಲೇ ಬೀಳುತ್ತದೆ. ಹಳಿ ಮುರಿದರೂ ರಿಲೇ ಬೀಳುತ್ತದೆ. ‘ಎಲ್ಲ ಸರಿಯಿದೆ’ ಎಂದು ಹೇಳಲು ಶಕ್ತಿ ಖರ್ಚಾಗಬೇಕು. ‘ನಿಲ್ಲು’ ಎನ್ನಲು ಏನೂ ಬೇಡ.

160, 1, 1, 162

ಇನ್ನು ಕಂಪ್ಯೂಟರಿನ ಕಡೆ. ಹಳಿಯಾಳದಲ್ಲೋ ಹುಬ್ಬಳ್ಳಿಯಲ್ಲೋ ಎಂಜಿನಿಯರಿಂಗ್ ಓದುವವರ ಮೇಜಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ನೀಲಿ ಡಬ್ಬಿಯೊಂದು ಕಾಣಸಿಗುತ್ತದೆ. 5 ವೋಲ್ಟಿನ ರಿಲೇ ಅದು. ಅದನ್ನು ಹೊತ್ತ ಪುಟ್ಟ ಬೋರ್ಡನ್ನು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಅದು ಸೀರಿಯಲ್ ಪೋರ್ಟ್ ಎಂದು ಪರಿಚಯ ಹೇಳಿಕೊಳ್ಳುತ್ತದೆ. ಪೇಟೆಯಲ್ಲಿ ಹೆಚ್ಚು ಓಡುವ ಒಂದು ಬಗೆಯ ಬೋರ್ಡಿಗೆ ನಾಲ್ಕು ಅಂಕಿ ಕಳಿಸಿದರೆ ಸಾಕು: 160, 1, 1, 162. ಮೊದಲನೆಯದು ‘ಕೇಳು’ ಎಂಬ ಕರೆ. ಎರಡನೆಯದು ಎಷ್ಟನೇ ರಿಲೇ ಎಂಬುದು. ಮೂರನೆಯದು ಏಳು ಎಂಬ ಆಜ್ಞೆ. ನಾಲ್ಕನೆಯದು, ಕಿರಾಣಿ ಅಂಗಡಿಯ ಚೀಟಿಯ ಕೊನೆಯಲ್ಲಿ ಬರೆಯುವ ಮೊತ್ತದ ಹಾಗೆ, ಮೊದಲ ಮೂರರ ಕೂಡಿಕೆ. ಮೊತ್ತ ತಾಳೆಯಾಗದಿದ್ದರೆ ದಾರಿಯಲ್ಲಿ ಅಂಕಿ ಕೆಟ್ಟಿದೆ ಎಂದರ್ಥ. ಬೀಳು ಎನ್ನಲು 160, 1, 0, 161.

ಒಂದೊಂದು ಅಂಕಿಯೂ ಎಂಟು ಬಿಟ್‌ಗಳಾಗಿ ಒಡೆದು, ಮುಂದೊಂದು ಆರಂಭದ ಬಿಟ್, ಹಿಂದೊಂದು ಮುಕ್ತಾಯದ ಬಿಟ್ ಹೊತ್ತು, ಸಾಲುಗಟ್ಟಿ ಹೋಗುತ್ತದೆ. ನಾಲ್ಕು ಅಂಕಿಗೆ 40 ಬಿಟ್. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಇಡೀ ಆಜ್ಞೆ ತಲುಪಲು ಸುಮಾರು 4 ಮಿಲಿಸೆಕೆಂಡ್. ಕಬ್ಬಿಣದ ಪಟ್ಟಿ ಎದ್ದು ಕೂಡುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಮಾತು ಮುಗಿದ ಮೇಲೆ ‘ಟಕ್’ ಕೇಳುತ್ತದೆ. ಕಂಪ್ಯೂಟರ್ ತನ್ನ ಹೊರಗಿನ ಲೋಕವನ್ನು ಮುಟ್ಟಿದ ಸದ್ದು ಅದು. ಮೊದಲ ಸಲ ಕೇಳಿಸಿಕೊಂಡವರ ಮುಖ ಅರಳುತ್ತದೆ.

ಈ ಸಾಲುಮಾತಿಗೂ ಹಿರಿಯರಿದ್ದಾರೆ. 1960ರಲ್ಲಿ ರೂಪುಗೊಂಡ ಆರ್‌ಎಸ್-232 ಎಂಬ ಕಟ್ಟಳೆಯಲ್ಲಿ ತಂತಿ ಸುಮ್ಮನಿದ್ದಾಗಲೂ ಅದರ ಮೇಲೆ ಋಣ ವೋಲ್ಟೇಜ್ ನಿಂತಿರುತ್ತದೆ. ಟೆಲಿಪ್ರಿಂಟರ್ ಕಾಲದ ರೂಢಿ ಅದು. ಆಗ ಸಂದೇಶವಿಲ್ಲದ ಹೊತ್ತಿನಲ್ಲೂ ತಂತಿಯಲ್ಲಿ ಕರೆಂಟು ಹರಿಸುತ್ತಿದ್ದರು. ಹರಿಯುವುದು ನಿಂತರೆ ತಂತಿ ಹರಿದಿದೆ ಎಂದು ಆ ತುದಿಯವರಿಗೆ ಕೂಡಲೇ ಗೊತ್ತಾಗಲಿ ಎಂದು. 1983ರ ಆರ್‌ಎಸ್-485 ಹೆಣೆದ ಜೋಡಿ ತಂತಿಯಲ್ಲಿ ಸುಮಾರು 1200 ಮೀಟರ್‌ವರೆಗೆ ಮಾತು ಒಯ್ಯಬಲ್ಲದು. ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಅದು ಓದುತ್ತದೆ. ಆಚೀಚೆಯ ಮೋಟರು, ವಿದ್ಯುತ್ ತಂತಿಗಳಿಂದ ನುಸುಳುವ ಗದ್ದಲ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುವುದರಿಂದ ವ್ಯತ್ಯಾಸ ಕೆಡುವುದಿಲ್ಲ.

ಮೇಜಿನ ಮೇಲಿನ ಆಟವನ್ನು ಘಟ್ಟಕ್ಕೆ ಒಯ್ಯುವಂತಿಲ್ಲ ಎಂಬುದು ತಿಳಿಯಲು ಒಂದು ಸಣ್ಣ ಪರೀಕ್ಷೆ ಸಾಕು. ರಿಲೇಯನ್ನು ಎಬ್ಬಿಸಿ ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಿಬಿಡಿ. ಬೋರ್ಡಿಗೆ ಬೇರೆ ಅಡಾಪ್ಟರಿನಿಂದ ಕರೆಂಟು ಬರುತ್ತಿದ್ದರೆ ಮಾತಿನ ತಂತಿಯನ್ನೂ ಕೀಳಿ. ರಿಲೇ ಅಲುಗುವುದಿಲ್ಲ. ಕೊನೆಯ ಆಜ್ಞೆಯನ್ನೇ ಹಿಡಿದು ಕೂತಿರುತ್ತದೆ. ತೋಟದ ಪಂಪಿಗೆ ಇದರಿಂದ ಆಗುವ ನಷ್ಟ ಒಂದಷ್ಟು ನೀರು. ಹೋಮ್ ಸಿಗ್ನಲ್ಲಿಗೆ ಇದನ್ನು ಕಟ್ಟಿದರೆ, ಸತ್ತ ಕಂಪ್ಯೂಟರಿನ ಕೊನೆಯ ಹಳದಿ ರಾತ್ರಿಯಿಡೀ ಬೆಳಗುತ್ತಿರುತ್ತದೆ.

ಮಿಡಿಯುತ್ತಲೇ ಇರಬೇಕು

ಕಂಪ್ಯೂಟರಿನಿಂದ ಸಿಗ್ನಲ್ ಆಳುವ ಸಾಲಿಡ್ ಸ್ಟೇಟ್ ಇಂಟರ್‌ಲಾಕಿಂಗ್ ಇಂಗ್ಲೆಂಡಿನಲ್ಲಿ ಮೊದಲು ಕೆಲಸಕ್ಕೆ ಬಂದದ್ದು 1985ರಲ್ಲಿ, ಲೆಮಿಂಗ್ಟನ್ ಸ್ಪಾದಲ್ಲಿ. ಭಾರತದಲ್ಲಿ ಮೊದಲಾದದ್ದು 1987ರಲ್ಲಿ, ತಿರುಚ್ಚಿಯ ಪಕ್ಕದ ಶ್ರೀರಂಗಂನಲ್ಲಿ. ಈಗ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ದೇಶದುದ್ದಕ್ಕೂ ಹಬ್ಬಿದೆ. ನೂರಾರು ರಿಲೇಗಳು ಕೂಡಿ ಮಾಡುತ್ತಿದ್ದ ವಿಚಾರಣೆಯನ್ನು ಪ್ರೊಸೆಸರ್ ಮಾಡುತ್ತದೆ. ಹಾಗೆಂದು ರಿಲೇ ರೂಮ್ ಖಾಲಿಯಾಗಿಲ್ಲ. ಹೊರಗಿನ ಮೋಟರು, ದೀಪಗಳನ್ನು ಮುಟ್ಟುವ ಕೊನೆಯ ಕೈ ಹೆಚ್ಚಿನ ಕಡೆ ಈಗಲೂ ರಿಲೇಯದೇ.

ಇಲ್ಲಿ ಸಂದೇಶ ಒಂದು ಸಲ ಹೋಗಿ ಮುಗಿಯುವಂಥದ್ದಲ್ಲ. ‘ಏಳು’ ಎಂಬ ಮಾತನ್ನು ಕಂಪ್ಯೂಟರ್ ಬಿಡದೆ ಹೇಳುತ್ತಿರಬೇಕು. ಪ್ರತಿ ಸಂದೇಶದಲ್ಲೂ ಯಾರಿಂದ ಯಾರಿಗೆ ಎಂಬ ವಿಳಾಸ, ಕ್ರಮಸಂಖ್ಯೆ, ಮತ್ತು ಬರೀ ಕೂಡಿಕೆಗಿಂತ ಬಲವಾದ ತಾಳೆಯ ಲೆಕ್ಕ ಇರುತ್ತದೆ. ಕ್ರಮಸಂಖ್ಯೆ ಹಳೆಯದಾಗಿದ್ದರೆ ನಂಬಿಕೆಯಿಲ್ಲ. ತಾಳೆ ತಪ್ಪಿದರೆ ನಂಬಿಕೆಯಿಲ್ಲ. ಗೊತ್ತಾದ ಹೊತ್ತಿನೊಳಗೆ ಮುಂದಿನ ಮಾತು ಬಾರದಿದ್ದರೆ ಆ ತುದಿಯ ಯಂತ್ರ ತಾನಾಗಿ ರಿಲೇಗಳನ್ನು ಕೈಬಿಡುತ್ತದೆ. ಪಟ್ಟಿ ಬೀಳುತ್ತದೆ. ಕೆಂಪು.

ಕಂಪ್ಯೂಟರೇ ಮತಿಗೆಟ್ಟರೆ? ಅದಕ್ಕೂ ಕಾವಲಿದೆ. ಎರಡು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಬೇರೆಬೇರೆ ಮಾಡಿ ಉತ್ತರ ಹೋಲಿಸಿಕೊಳ್ಳುತ್ತವೆ. ಉತ್ತರ ಬೇರೆಯಾದರೆ ಎರಡೂ ಸುಮ್ಮನಾಗುತ್ತವೆ. ಇದಲ್ಲದೆ, ತಾನು ಸರಿಯಾಗಿ ಓಡುತ್ತಿದ್ದೇನೆ ಎಂದು ತೋರಿಸಲು ಕಂಪ್ಯೂಟರ್ ಒಂದು ವಿದ್ಯುತ್ ಮಿಡಿತವನ್ನು ಎಡೆಬಿಡದೆ ಹೊರಡಿಸುತ್ತಿರಬೇಕಾದ ವ್ಯವಸ್ಥೆಗಳಿವೆ. ಆ ಮಿಡಿತದ ಏರಿಳಿತದಿಂದಲೇ ‘ವೈಟಲ್ ಕಟ್ ಆಫ್ ರಿಲೇ’ ಎಂಬ ಒಂದು ರಿಲೇಗೆ ಉಸಿರು. ಪ್ರೋಗ್ರಾಮ್ ಎಲ್ಲಾದರೂ ಸಿಕ್ಕಿಕೊಂಡು ವೋಲ್ಟೇಜ್ ಮೇಲೆ ನಿಂತರೂ ಕೆಳಗೆ ನಿಂತರೂ ಮಿಡಿತವಿಲ್ಲ. ಮಿಡಿತವಿಲ್ಲದಿದ್ದರೆ ಆ ರಿಲೇ ಬಿದ್ದು, ಹೊರಗಿನ ಸಿಗ್ನಲ್ ರಿಲೇಗಳಿಗೆಲ್ಲ ಹೋಗುವ ಕರೆಂಟನ್ನೇ ಕಡಿದುಬಿಡುತ್ತದೆ. ಕಂಪ್ಯೂಟರ್ ರಿಲೇಯನ್ನು ಆಳುತ್ತದೆ ಎನ್ನುತ್ತೇವೆ; ಕಂಪ್ಯೂಟರ್ ಬದುಕಿದೆಯೇ ಎಂದು ಕೊನೆಗೆ ತೀರ್ಮಾನಿಸುವುದು ಒಂದು ರಿಲೇ.

ಒಂಟಿ ಹಳಿ, ಎರಡು ತುದಿ

ಘಟ್ಟದಲ್ಲಿ ಇರುವುದು ಒಂದೇ ಹಳಿ. ಏರುವ ಗಾಡಿಗೂ ಇಳಿಯುವ ಗಾಡಿಗೂ ಅದೇ. ಹಾಗಾಗಿ ಈ ನಿಲ್ದಾಣ ಮುಂದಿನ ನಿಲ್ದಾಣದ ಒಪ್ಪಿಗೆಯಿಲ್ಲದೆ ಗಾಡಿ ಬಿಡುವಂತಿಲ್ಲ. ನಮ್ಮ ಒಂಟಿ ಹಳಿಯ ನಿಲ್ದಾಣಗಳಲ್ಲಿ ದಶಕಗಳ ಕಾಲ ಈ ಒಪ್ಪಿಗೆಗೆ ಲೋಹದ ಚೆಂಡಿನ ರೂಪವಿತ್ತು. ನೀಲ್ಸ್ ಟೋಕನ್ ಯಂತ್ರದಿಂದ ಚೆಂಡು ಹೊರಬರಬೇಕಾದರೆ ಆ ಕಡೆಯ ಸ್ಟೇಷನ್ ಮಾಸ್ಟರರು ತಮ್ಮ ಯಂತ್ರದಿಂದ ಕರೆಂಟು ಕಳಿಸಿ ಬೀಗ ಸಡಿಲಿಸಬೇಕಿತ್ತು. ಒಮ್ಮೆ ಒಂದು ಚೆಂಡು ಹೊರಬಂದರೆ ಎರಡೂ ಯಂತ್ರಗಳಿಂದ ಇನ್ನೊಂದು ಬರುತ್ತಿರಲಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಚೆಂಡನ್ನಿಟ್ಟು, ಓಡುವ ಗಾಡಿಯ ಚಾಲಕನ ತೋಳಿಗೆ ಸಿಗುವಂತೆ ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಿದ್ದ ನೋಟ ಐವತ್ತು ದಾಟಿದವರಿಗೆ ನೆನಪಿರುತ್ತದೆ.

ಈಗ ಆ ಚೆಂಡಿನ ಕೆಲಸ ಮಾಡುವುದು ಸಂದೇಶ. ಯುಎಫ್‌ಎಸ್‌ಬಿಐ ಎಂಬ ಪೆಟ್ಟಿಗೆ ಈ ನಿಲ್ದಾಣದ ರಿಲೇಗಳು ಎದ್ದಿವೆಯೋ ಬಿದ್ದಿವೆಯೋ ಎಂಬುದನ್ನು ಅಂಕಿಗಳಾಗಿ ಓದಿ ಸಾಲಾಗಿ ಕಳಿಸುತ್ತದೆ. ಮುಂದಿನ ನಿಲ್ದಾಣದ ಪೆಟ್ಟಿಗೆ ಅದನ್ನು ಬಿಡಿಸಿಕೊಂಡು ತನ್ನ ರಿಲೇಗಳನ್ನು ಹಾಗೆಯೇ ಎಬ್ಬಿಸುತ್ತದೆ. ಕಣಿವೆಯ ಈ ದಂಡೆಯ ಕಬ್ಬಿಣ ಎದ್ದರೆ ಆ ದಂಡೆಯದೂ ಏಳುತ್ತದೆ. ನಡುವಿನ ಕೇಬಲ್ಲಿಗೆ ಏನಾದರೂ ಆದರೆ ಆ ಕಡೆಯದು ಬೀಳುತ್ತದೆ.

ಹಳಿಯ ಮೇಲೆ ಗಾಡಿಯಿದೆಯೇ ಎಂದು ತಿಳಿಯುವ ಬಗೆಯೂ ಬದಲಾಗುತ್ತಿದೆ. ರಾಬಿನ್ಸನ್ನನ ಟ್ರ್ಯಾಕ್ ಸರ್ಕ್ಯೂಟಿಗೆ ಮಲೆನಾಡಿನ ಮಳೆಯೆಂದರೆ ಆಗಿಬರದು. ಜಲ್ಲಿ ನೆನೆದು, ಸಂದಿಯಲ್ಲಿ ಕೆಸರು ಕೂತರೆ ಕರೆಂಟು ಒಂದು ಹಳಿಯಿಂದ ಇನ್ನೊಂದಕ್ಕೆ ಸೋರುತ್ತದೆ. ಇಲ್ಲದ ಗಾಡಿ ಇದೆಯೆಂದು ರಿಲೇ ಬೀಳುತ್ತದೆ. ಅಪಾಯವಿಲ್ಲ, ಆದರೆ ಗಾಡಿ ನಿಲ್ಲುತ್ತದೆ. ಅದಕ್ಕೆ ಆಕ್ಸಲ್ ಕೌಂಟರ್ ಬಂತು. ಹಳಿಯ ಮಗ್ಗುಲಿಗೆ ಕೂತ ಸಂವೇದಕ ಒಳಹೋದ ಗಾಲಿಗಳನ್ನು ಎಣಿಸುತ್ತದೆ, ಆ ತುದಿಯದು ಹೊರಬಂದ ಗಾಲಿಗಳನ್ನು. ಎರಡೂ ಲೆಕ್ಕ ಕೇಬಲ್ಲಿನಲ್ಲಿ ಸಾಲಾಗಿ ಬಂದು ಸೇರುತ್ತವೆ. ಸಮನಾದರೆ ಹಳಿ ಖಾಲಿ. ಒಂದು ಗಾಲಿ ಹೆಚ್ಚುಕಡಿಮೆಯಾದರೂ ಖಾಲಿಯಲ್ಲ.

ಎಲ್ಲ ಯಂತ್ರಗಳೂ ಕೈಕೊಟ್ಟ ದಿನ ಉಳಿಯುವುದು ಫೋನು ಮತ್ತು ಅಚ್ಚುಹಾಕಿದ ಅಂಕಿಗಳ ಹಾಳೆ. “ಲೈನ್ ಕ್ಲಿಯರ್ ಕೊಡ್ರಿ” ಎಂದು ಈ ಕಡೆಯವರು ಕೇಳಿದರೆ, ಆ ಕಡೆಯವರು ಒಪ್ಪಿಗೆಯ ಜೊತೆಗೆ ಒಂದು ‘ಪ್ರೈವೇಟ್ ನಂಬರ್’ ಹೇಳುತ್ತಾರೆ. ಹೇಳಿದ ಮೇಲೆ ಹಾಳೆಯಲ್ಲಿ ಅದನ್ನು ಹೊಡೆದುಹಾಕುತ್ತಾರೆ. ಹಳೆಯ ಮಾತನ್ನು ಹೊಸದೆಂದು ನಂಬಬಾರದು ಎಂಬ ನಿಯಮ ಕಂಪ್ಯೂಟರಿಗಿಂತ ಹಳೆಯದು.

ಪೆಟ್ಟಿಗೆಯೊಳಗಿನ ಕೈ

ರಿಲೇ ರೂಮಿನ ಮೂಲೆಯಲ್ಲಿ ಡೇಟಾ ಲಾಗರ್ ಎಂಬ ಇನ್ನೊಂದು ಯಂತ್ರ ಇರುತ್ತದೆ. ಅದು ಯಾರನ್ನೂ ಆಳುವುದಿಲ್ಲ. ಯಾವ ರಿಲೇ ಯಾವ ಗಳಿಗೆಯಲ್ಲಿ ಎದ್ದಿತು, ಬಿದ್ದಿತು, ಬಾಗಿಲು ಯಾವಾಗ ತೆರೆಯಿತು ಎಂದು ಬರೆದುಕೊಂಡು ವಿಭಾಗದ ಕೇಂದ್ರಕ್ಕೆ ಕಳಿಸುತ್ತಿರುತ್ತದೆ. ಕೊಟ್ಟ ಸಿಗ್ನಲ್ಲನ್ನು ಸ್ಟೇಷನ್ ಮಾಸ್ಟರರು ಹಿಂತೆಗೆದುಕೊಂಡರೆ, ಹತ್ತಿರ ಬಂದ ಗಾಡಿಯ ಪಾಲಿಗೆ ದಾರಿ 120 ಸೆಕೆಂಡ್ ಬಿಗಿದೇ ಇರಬೇಕು ಎಂಬ ನಿಯಮ ಪಾಲನೆಯಾಯಿತೇ ಎಂಬುದೂ ಅದರಲ್ಲಿ ಸಿಗುತ್ತದೆ.

ಇಷ್ಟೆಲ್ಲ ಇದ್ದೂ ಸುಳ್ಳು ನುಸುಳಬಹುದಾದ ಒಂದು ಸಂದು ಉಳಿದೇ ಇದೆ. ಅದು ಮನುಷ್ಯನ ಕೈ. 2023ರ ಫೆಬ್ರುವರಿ 8ರಂದು ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ಹೋಗುವುದರಲ್ಲಿತ್ತು. ಪಾಯಿಂಟ್ ಬೇರೆ ಕಡೆಗಿರುವುದನ್ನು ಲೋಕೊ ಪೈಲಟ್ ಕಂಡು ಗಾಡಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ನಿಯಮ ಮೀರಿ, ಹಳಿಯ ಪಕ್ಕದಲ್ಲಿ ಸಿಗ್ನಲ್ ವೈರುಗಳಿರುವ ಲೊಕೇಶನ್ ಬಾಕ್ಸ್ ತೆರೆದು ಕೆಲಸ ಮಾಡುವುದರ ಅಪಾಯವನ್ನು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಆಗಲೇ ಪತ್ರ ಬರೆದು ಎಚ್ಚರಿಸಿದ್ದರು. ನಾಲ್ಕು ತಿಂಗಳೂ ಕಳೆಯಲಿಲ್ಲ. ಜೂನ್ 2ರಂದು ಒಡಿಶಾದ ಬಹಾನಗಾ ಬಜಾರ್‌ನಲ್ಲಿ ಮುಖ್ಯ ಹಳಿಯ ಸಿಗ್ನಲ್ ಪಡೆದ ಕೋರಮಂಡಲ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ತಿರುಗಿ ನಿಂತ ಗೂಡ್ಸ್ ಗಾಡಿಗೆ ಗುದ್ದಿತು. 290ಕ್ಕೂ ಹೆಚ್ಚು ಮಂದಿ ಸತ್ತರು. ಸಿಗ್ನಲ್ ಸರ್ಕ್ಯೂಟಿನ ವೈರುಗಳನ್ನು ಬದಲಿಸುವಾಗ ಆದ ಲೋಪಗಳೇ ಕಾರಣ ಎಂದಿತು ತನಿಖೆ. ರಿಲೇ ತನಗೆ ಬಂದ ಕರೆಂಟಿಗೆ ನಿಷ್ಠವಾಗಿಯೇ ಎದ್ದಿತ್ತು. ಆ ಕರೆಂಟು ಬಂದ ದಾರಿಯೇ ತಪ್ಪಾಗಿತ್ತು.

ಮಾತು ನಿಂತರೆ ಕೆಂಪು ಎಂಬ ಕಾವಲು ಮೌನವನ್ನಷ್ಟೇ ಹಿಡಿಯಬಲ್ಲದು, ಸುಳ್ಳು ಸಾಕ್ಷಿಯನ್ನಲ್ಲ. ಅದಕ್ಕೇ ಎರಡು ಕೀಲಿ. ಅದಕ್ಕೇ ಕೆಲಸಕ್ಕೆ ಮುನ್ನ ಡಿಸ್ಕನೆಕ್ಷನ್ ಮೆಮೊ, ಮುಗಿದ ಮೇಲೆ ಒಂದೊಂದು ವೈರನ್ನೂ ಒಂದೊಂದು ದಾರಿಯನ್ನೂ ಪರೀಕ್ಷಿಸಿ ಸಹಿ. ಗಾಡಿ ತಡವಾಗುತ್ತಿದೆ ಎಂದು ಕಂಟ್ರೋಲಿನಿಂದ ಫೋನು ಬಡಿಯುತ್ತಿರುವಾಗ ಈ ಕಾಗದಗಳು ಬೇಸರ ತರುತ್ತವೆ. ಕಂಪ್ಯೂಟರಿಗಿಲ್ಲದ ಆ ಅವಸರವನ್ನು ತಡೆಯಲೆಂದೇ ಅವು ಇರುವುದು.

ಕ್ಯಾಸಲ್‌ರಾಕ್‌ನಿಂದ ಕುಳೆವರೆಗೆ ಜೋಡಿ ಹಳಿ ಹಾಕಲು ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ 9ರಂದು ರದ್ದುಗೊಳಿಸಿತು. ಈ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆ ಕಡೆ ಮಹಾವೀರ ಅಭಯಾರಣ್ಯ. ನಡುವೆ ಮಳೆಗಾಲಕ್ಕೊಮ್ಮೆ ಕುಸಿಯುವ ಗುಡ್ಡ. ಎರಡನೇ ಹಳಿ ಬಾರದ ಕಡೆ ಇರುವ ಒಂದನ್ನೇ ಜಾಣತನದಿಂದ ಹಂಚಿಕೊಳ್ಳಬೇಕು. ಹಂಚಿಕೆ ನಡೆಯುವುದು ಎರಡು ತುದಿಗಳ ನಡುವಿನ ಮಾತಿನ ಮೇಲೆ. ಆ ಮಾತು ಎಷ್ಟು ವೇಗದ್ದು ಎಂಬುದನ್ನು ಯಂತ್ರ ಮಾರುವವರು ಹೇಳುತ್ತಾರೆ. ನಿಂತರೆ ಏನಾಗುತ್ತದೆ ಎಂಬುದನ್ನು ಕೊಳ್ಳುವವರು ಕೇಳಬೇಕು.

ಘಟ್ಟದ ದಾರಿಯಲ್ಲಿ ಗಾಡಿ ಕಾರಣವಿಲ್ಲದೆ ನಿಂತಿತೆಂದು ಕಿಟಕಿಯಿಂದ ಇಣುಕಿ ಬೈಯುವವರಿಗೆ ಕಾರಣ ಕಾಣುವುದಿಲ್ಲ. ಬಹುಶಃ ಸಂದೇಶದ ತಾಳೆ ತಪ್ಪಿರುತ್ತದೆ, ಇಲ್ಲವೇ ಗಾಲಿಯ ಲೆಕ್ಕ ಒಂದು ಕಡಿಮೆ ಬಂದಿರುತ್ತದೆ, ಇಲ್ಲವೇ ಸಿಡಿಲಿಗೆ ಬೋರ್ಡೊಂದು ಸುಟ್ಟಿರುತ್ತದೆ. ವೇಳಾಪಟ್ಟಿಯಲ್ಲಿ ಆ ಅರ್ಧ ಗಂಟೆ ನಷ್ಟದ ಬಾಬತ್ತು. 37ಕ್ಕೆ 1ರ ಇಳಿಜಾರಿನ ಲೆಕ್ಕದಲ್ಲಿ ಅದು ಕೊಡಲೇಬೇಕಾದ ಬಾಡಿಗೆ.